ಕಿಟ್ಟೆಲರ ಕೋಶವೂ ನಮ್ಮ ಮನೆಮಾತೂ

ಒಂದು ರವಿವಾರ ಕನ್ನಡ ವರ್ಗದಲ್ಲಿ ಪುಟ್ಟ ಹುಡುಗಿಯೊಬ್ಬಳು ಹುಲಿಯ ಚಿತ್ರ ಕಂಡು ‘ಪಿಲಿ’ ಎಂದಳು. ಅವಳ ಮನೆಮಾತು ತುಳು. ‘ತಪ್ಪು, ಹುಲಿ ಅನ್ನು’ ಎಂದು ನಾವು ಥಟ್ಟನೆ ತಿದ್ದಿದೆವು. ಮಗು ಆಮೇಲೆ ಬಾಯಿ ತೆರೆಯಲಿಲ್ಲ. ಡೊಂಬಿವಲಿಯ ಲೋಕಲ್ಲಿನಲ್ಲಿ ನಿಂತು ಮನೆಗೆ ಮರಳುವವರೆಗೂ ಅದೇ ಮನಸ್ಸಿನಲ್ಲಿ ಕೊರೆಯುತ್ತಿತ್ತು. ರಾತ್ರಿ ಕಿಟ್ಟೆಲರ ಕೋಶವನ್ನು ಕೆಳಗಿಳಿಸಿದೆವು.

ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂತು. ಸುಮಾರು 70,000 ಶಬ್ದಗಳ ಆ ಹೊತ್ತಗೆಯನ್ನು ನಾವು ಹೊಗಳುವುದೇ ಹೆಚ್ಚು, ತೆರೆಯುವುದು ಕಡಿಮೆ. ಸೋದರ ಭಾಷೆಗಳ ರೂಪಗಳನ್ನು ಕನ್ನಡ ಶಬ್ದದ ಪಕ್ಕದಲ್ಲೇ ಕೂಡಿಸುವುದು ಅವರ ಕ್ರಮ. ಅದೇ ಈ ಕೋಶದ ಜೀವಾಳ. ನಮ್ಮ ಹುಲಿ ಹಳಗನ್ನಡದಲ್ಲಿ ಪುಲಿ, ತಮಿಳು, ಮಲಯಾಳಗಳಲ್ಲಿ ಇಂದಿಗೂ ಪುಲಿ, ತುಳುವಿನಲ್ಲಿ ಪಿಲಿ. ಪಕಾರವನ್ನು ಹಕಾರ ಮಾಡಿಕೊಂಡವರು ನಾವು! ಪಂಪನ ಕಾಲದ ಪೊಸ ನಮಗೆ ಹೊಸ, ಪತ್ತು ಹತ್ತಾಯಿತು, ಪೋಗು ಹೋಗಾಯಿತು. ಘಾಟ್‌ಕೋಪರಿನ ಅಡುಗೆಮನೆಯಲ್ಲಿ ಅಜ್ಜಿ ಇಂದಿಗೂ ಪೊಸ, ಪತ್ತ್ ಅನ್ನುತ್ತಾಳೆ. ಹಳಗನ್ನಡ ಕಬ್ಬಿಣದ ಕಡಲೆಯೆಂದು ಗೊಣಗುವ ಮೊಮ್ಮಗನಿಗೆ ಅರ್ಧ ಪಾಠ ಅಲ್ಲೇ ಆಯಿತು.

ಹಾಗೆಂದು ತುಳು ಕನ್ನಡದ ಹಳೆಯ ಅಂಗಿಯಲ್ಲ. ಅದು ಒಡಹುಟ್ಟು; ಅದರದೇ ದಾರಿ ಅದಕ್ಕಿದೆ. ಈ ಭೇದವನ್ನು ಮರೆತು ಕೋಶ ಓದಿದರೆ ಇನ್ನೊಂದು ತಪ್ಪಿಗೆ ಬೀಳುತ್ತೇವೆ.

ಕೋಶದಲ್ಲಿ ಕೊರತೆಗಳಿಲ್ಲದಿಲ್ಲ. ಸಂಸ್ಕೃತದ ಅನೇಕ ಶಬ್ದಗಳಿಗೆ ದ್ರಾವಿಡ ಮೂಲ ಹೇಳುವ ಮುನ್ನುಡಿಯ ಪಟ್ಟಿಯನ್ನು ಮುಂದಿನ ವಿದ್ವಾಂಸರು ಪೂರ್ತಿ ಒಪ್ಪಲಿಲ್ಲ. ನಮಗೆ ಹೆಚ್ಚು ತೊಡಕೆನಿಸುವುದು ಬೇರೆ: ಒಂದು ಶಬ್ದ ಯಾವ ಶತಮಾನದಲ್ಲಿ ಬದುಕಿತ್ತು, ಯಾವಾಗ ಮರೆಯಾಯಿತು ಎಂಬುದು ಇಲ್ಲಿ ಸುಲಭವಾಗಿ ತಿಳಿಯದು. ಅದಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿನ ಬಳಿಗೇ ಹೋಗಬೇಕು. ಶಾಸನಗಳ, ಕಾವ್ಯಗಳ ಪ್ರಯೋಗಗಳು ಅಲ್ಲಿವೆ. ಆದರೆ ಅದರ ಅರ್ಥಗಳೆಲ್ಲ ಕನ್ನಡದಲ್ಲಿ. ಇಂಗ್ಲಿಷ್ ಶಾಲೆಯಲ್ಲಿ ಕಲಿಯುವ ನಮ್ಮ ಮಕ್ಕಳ ಕೈಗೆ ಮೊದಲು ಎಟಕುವುದು ಕಿಟ್ಟೆಲರೇ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದ್ರಾಸು ವಿಶ್ವವಿದ್ಯಾನಿಲಯದಿಂದ 1968–71ರಲ್ಲಿ ಹೊರತಂದ 4 ಸಂಪುಟಗಳು ಸಿಕ್ಕರೆ ಇನ್ನೂ ಒಳ್ಳೆಯದು.

ಮುಂದಿನ ರವಿವಾರ ಕೋಶವನ್ನು ವರ್ಗಕ್ಕೇ ಹೊತ್ತೊಯ್ದೆವು. ಪಕಾರದ ಪುಟಗಳನ್ನು ತೆರೆದು ಆ ಹುಡುಗಿಯ ಮುಂದಿಟ್ಟು, ನಿನ್ನೆ ಮೊನ್ನೆಯದಲ್ಲ, ಸಾವಿರ ವರ್ಷದ ಮಾತು ನಿನ್ನದು ಎಂದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೆಯ ಮೇಲಿನ ಹಲ್ಲಿಯನ್ನು ತೋರಿಸಿ, ‘ಹಾಗಾದರೆ ಪಲ್ಲಿಯೂ ಇದರಲ್ಲಿದೆಯಾ ಸರ್?’ ಎಂದು ಕೇಳಿದಳು.