ಬಿಸಿಯನ್ನು ಹಿಡಿದಿಟ್ಟ ಮೇಣ

1971ರಲ್ಲಿ ಅಪೋಲೊ 15ರ ಗಗನಯಾತ್ರಿಗಳು ಚಂದ್ರನ ಮೇಲೆ ಗಾಡಿ ಓಡಿಸಿದಾಗ ಅದರ ಜಾಲರಿ ಚಕ್ರ, ಛತ್ರಿಯಂಥ ಆಂಟೆನಾ ಎಲ್ಲರ ಕಣ್ಣಿಗೂ ಬಿದ್ದವು. ನನಗೆ ಮೋಹವಿರುವುದು ಅದರೊಳಗೆ ಅಡಗಿದ್ದ ಮೇಣದ ಪೆಟ್ಟಿಗೆಗಳ ಮೇಲೆ.

ಗಾಡಿ ಓಡುವಾಗ ಎರಡು ಬೆಳ್ಳಿ-ಸತು ಬ್ಯಾಟರಿಗಳೂ ಎಲೆಕ್ಟ್ರಾನಿಕ್ ಸಲಕರಣೆಗಳೂ ಕಾಯುತ್ತಿದ್ದವು. ಅಲ್ಲಿ ಗಾಳಿಯಿಲ್ಲ, ಬೀಸಿ ತಣಿಸುವಂತಿಲ್ಲ. ಬಿಸಿಯನ್ನು ಆಕಾಶಕ್ಕೆ ಸೂಸಲು ಮೇಲ್ಭಾಗದಲ್ಲಿ ಕನ್ನಡಿಗಳಿದ್ದವು. ಚಕ್ರ ಎರಚುವ ಧೂಳು ಕೂತರೆ ಅವೂ ಕೆಲಸಕ್ಕೆ ಬಾರವು. ಹಾಗಾಗಿ ಓಡುವಷ್ಟು ಹೊತ್ತು ಅವುಗಳ ಮೇಲೆ ಮುಚ್ಚಳ.

ಆ ಹೊತ್ತಿನ ಬಿಸಿಯನ್ನು ಬ್ಯಾಟರಿಗಳ ಒಡಲೂ ಮೇಣವೂ ಹೊರುತ್ತಿದ್ದವು. ಕರಗುವಾಗ ಮೇಣ ಬಿಸಿಯನ್ನು ನುಂಗುತ್ತಲೇ ಹೋಗುತ್ತದೆ, ಉಷ್ಣಾಂಶ ಮಾತ್ರ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಗಾಡಿ ನಿಲ್ಲಿಸಿದ ಮೇಲೆ ಗಗನಯಾತ್ರಿಗಳು ಧೂಳು ಒರೆಸಿ, ಕೈಯಾರೆ ಮುಚ್ಚಳ ತೆರೆಯುತ್ತಿದ್ದರು. ಬಿಸಿ ಹೊರಟಂತೆ ಮೇಣ ಮತ್ತೆ ಗಟ್ಟಿಯಾಗಿ ಮುಂದಿನ ಸವಾರಿಗೆ ಸಿದ್ಧವಾಗುತ್ತಿತ್ತು. ಬ್ಯಾಟರಿ ಸಾಕಷ್ಟು ತಣಿದಾಗ ಮುಚ್ಚಳ ತಾನಾಗಿ ಮುಚ್ಚಿಕೊಳ್ಳಲು ಎರಡು ಲೋಹಗಳ ಪಟ್ಟಿಯ ಏರ್ಪಾಡೂ ಇತ್ತು.

ಇದಕ್ಕೆ ಪಂಪು ಬೇಕಿರಲಿಲ್ಲ, ಫ್ಯಾನೂ ಬೇಕಿರಲಿಲ್ಲ. ಧೂಳಿನ ಕಾಟ ಕೊನೆವರೆಗೂ ತಪ್ಪಲಿಲ್ಲ, ನಿಜ. ಆದರೂ ಬಿಸಿಯನ್ನು ಹುಟ್ಟಿದ ಕೂಡಲೇ ಹೊರಹಾಕಬೇಕಿಲ್ಲ, ಅನುಕೂಲದ ಹೊತ್ತಿನವರೆಗೆ ಕೂಡಿಡಬಹುದು ಎಂದು ಕಂಡುಕೊಂಡ ಆ ಎಂಜಿನಿಯರುಗಳ ಜಾಣ್ಮೆ ದೊಡ್ಡದು.