ನಿಗ್ರಹವೋ ದಮನವೋ: ಲೇಡಿ ಮ್ಯಾಕ್‌ಬೆತಳ ನಿದ್ರಾಸಂಚಾರ

ಅಹಿತವಾದ ನೆನಪನ್ನು ಮನಸ್ಸಿನಿಂದ ಹೊರದೂಡುವ ವ್ಯಾಪಾರದಲ್ಲಿ ಮನಶ್ಶಾಸ್ತ್ರಜ್ಞರು ಎರಡು ಬಗೆಗಳನ್ನು ಹೇಳುತ್ತಾರೆ. ತಿಳಿದು ತಿಳಿದೇ ನಡೆಸುವುದು ನಿಗ್ರಹ; ತನ್ನ ಅರಿವಿಲ್ಲದೆಯೇ ನಡೆದುಹೋಗುವುದು ದಮನ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಐದನೆಯ ಅಂಕದ ನಿದ್ರಾಸಂಚಾರವನ್ನು ದಮನಕ್ಕೆ ನಿದರ್ಶನವೆಂದು ಎಣಿಸುವುದುಂಟು. ನಾಟಕದ ಪಾಠವು ಇದನ್ನು ಸಮರ್ಥಿಸುವುದೇ ಎಂಬುದು ಇಲ್ಲಿ ವಿಚಾರಣೀಯ.

ಡಂಕನನ ಕೊಲೆಯಾದ ರಾತ್ರಿಯೇ ಲೇಡಿ ಮ್ಯಾಕ್‌ಬೆತ್ ಗಂಡನಿಗೆ ಒಂದು ಕಟ್ಟಳೆಯನ್ನು ವಿಧಿಸುತ್ತಾಳೆ: ನಡೆದುದನ್ನು ಕುರಿತು ಚಿಂತಿಸಕೂಡದು, ಚಿಂತಿಸಿದರೆ ಚಿತ್ತ ಕೆಡುವುದು. ಮೂರನೆಯ ಅಂಕದಲ್ಲಿ ಆಕೆ ಒಬ್ಬಳೇ ಇದ್ದಾಗ ತಮ್ಮ ಗಳಿಕೆಯಲ್ಲಿ ನೆಮ್ಮದಿಯಿಲ್ಲವೆಂದು ಕೊರಗುತ್ತಾಳೆ. ಗಂಡನು ಬಂದೊಡನೆ ಅದನ್ನು ಮರೆಮಾಡಿ, ಆದದ್ದನ್ನು ಎಣಿಸಬೇಡವೆಂದು ಅವನಿಗೆ ಬೋಧಿಸುತ್ತಾಳೆ. ನೆನಪು ಆಕೆಯ ಅರಿವಿನಿಂದ ಜಾರಿರಲಿಲ್ಲ. ಎಚ್ಚರದ ಬಲದಿಂದ ಆಕೆ ಅದನ್ನು ಅದುಮಿ ಹಿಡಿದಿದ್ದಳು. ಇದು ನಿಗ್ರಹವೇ ಹೊರತು ದಮನವಲ್ಲ.

ಆದರೆ ನಿಗ್ರಹದ ಫಲವು ಏಕರೂಪವಾದುದಲ್ಲ. 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು, ಬಿಳಿಯ ಕರಡಿಯನ್ನು ನೆನೆಯಬೇಡಿರೆಂದು ವಿಧಿಸಿದರೂ ಅದು ಮತ್ತೆ ಮತ್ತೆ ನೆನಪಿಗೆ ಬರುವುದನ್ನೂ, ಆ ತಡೆಯನ್ನು ತೆಗೆದ ಬಳಿಕ ಇನ್ನೂ ಹೆಚ್ಚುವುದನ್ನೂ ತೋರಿಸಿದರು. 2001ರಲ್ಲಿ ಮೈಕೇಲ್ ಆಂಡರ್ಸನ್ ಮತ್ತು ಕಾಲಿನ್ ಗ್ರೀನ್, ಕಲಿತ ಪದಜೋಡಿಯಲ್ಲಿ ಒಂದನ್ನು ಕಂಡಾಗ ಇನ್ನೊಂದನ್ನು ನೆನೆಯದಂತೆ ಹಲವು ಬಾರಿ ತಡೆದರೆ, ಅದರ ಸ್ಮರಣೆ ಕುಗ್ಗುವುದನ್ನು ಕಂಡರು. ಪದಜೋಡಿ ಬೇರೆ, ಕೊಲೆ ಬೇರೆ, ನಿಜ. ಆದರೂ ಅದುಮಿದುದೆಲ್ಲವೂ ಮರಳಿಯೇ ತೀರುವುದೆಂಬ ನಿಯಮವಿಲ್ಲ. ಹಾಗಾದರೆ ಈಕೆಗೆ ಅದು ಮರಳಿದುದೇಕೆ?

ಉತ್ತರದ ಸುಳುಹು ಪರಿಚಾರಿಕೆಯ ಮಾತಿನಲ್ಲಿದೆ. ದೊರೆಯು ರಣಕ್ಕೆ ತೆರಳಿದ ತರುವಾಯ ರಾಣಿಯು ಹೀಗೆ ನಿದ್ದೆಯಲ್ಲಿ ಏಳುವುದನ್ನು ಕಂಡೆನೆಂದು ಅವಳು ವೈದ್ಯನಿಗೆ ತಿಳಿಸುತ್ತಾಳೆ. ಔತಣದ ದೃಶ್ಯದಲ್ಲಿ ಗಂಡನ ಭೀತಿಯನ್ನು ಅತಿಥಿಗಳಿಂದ ಮುಚ್ಚಿಡುವುದೇ ರಾಣಿಯ ಕೆಲಸವಾಗಿತ್ತು. ಅವನ ಮನಸ್ಸನ್ನು ಕಾಯುತ್ತ ತನ್ನದನ್ನೂ ಕಾಯ್ದುಕೊಂಡಿದ್ದಳು. ಅವನು ಹೋದ ಮೇಲೆ ಕಾವಲು ಸಡಿಲವಾಯಿತು. ನಿದ್ರೆಯು ಅದನ್ನು ಪೂರ್ತಿಯಾಗಿ ತೆಗೆಯಿತು. ನಿದ್ರೆಯಲ್ಲಿ ಆಕೆ ಆಡುವ ಮಾತುಗಳಲ್ಲಿ ಹಲವು, ಗಂಡನನ್ನು ಗದರಿಸಿ ಸಂತೈಸಿದ ಮಾತುಗಳೇ. ಅಂದು ತುಸು ನೀರಿಗೆ ಹೋಗುವುದೆಂದು ಬಗೆದಿದ್ದ ರಕ್ತವು ಈಗ ಕಾಲು ಗಂಟೆ ಉಜ್ಜಿದರೂ ಹೋಗದು.

ಈ ದೃಶ್ಯವನ್ನು ಕೇವಲ ಪಾಪದ ಶಿಕ್ಷೆಯೆಂದು ಓದಿದರೆ ಒಂದು ಮುಖ್ಯಾಂಶ ತಪ್ಪಿಹೋಗುತ್ತದೆ. ಮ್ಯಾಕ್‌ಬೆತನು ತನ್ನ ಭೀತಿಯನ್ನು ಹೆಂಡತಿಯ ಮುಂದೆ ತೋಡಿಕೊಂಡನು; ಆಕೆಗೆ ತೋಡಿಕೊಳ್ಳಲು ಯಾರೂ ಇರಲಿಲ್ಲ. ಕಡೆಗೆ ವೈದ್ಯನು ಆಲಿಸಿದನು, ಮಾತುಗಳನ್ನು ಬರೆದುಕೊಳ್ಳಲೂ ತೊಡಗಿದನು. ಆದರೆ ಆಗ ಆಕೆಗೆ ಎಚ್ಚರವಿರಲಿಲ್ಲ.