ಕಲ್ಯಾಣದ ಕ್ರೆಡಿಟ್ ಉಮರ್ಗಾದಲ್ಲಿ

ದೆಹಲಿಯಿಂದ ಅಳೆದರೆ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ಟನ್ನು ಖಾತೆಯಲ್ಲಿ ಕೂಡಿಟ್ಟು ಬೇರೆ ಸಂಸ್ಥೆಗೂ ಒಯ್ಯಲು ಬಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ಎಬಿಸಿ) ಯೋಜನೆ ಆಗಲೇ ಗೆದ್ದಾಗಿದೆ. ಯುಜಿಸಿ 2021ರ ಜುಲೈನಲ್ಲಿ ನಿಯಮ ಹೊರಡಿಸಿತು. ಡಿಜಿಲಾಕರ್‌ನಲ್ಲಿ ಖಾತೆ ತೆರೆಯಿತು, ಹನ್ನೆರಡು ಅಂಕಿಯ ಅಪಾರ್ ಸಂಖ್ಯೆ ಬಂತು, ದೇಶದ ತುಂಬ ಕೋಟಿಗಟ್ಟಲೆ ವಿದ್ಯಾರ್ಥಿಗಳು ಖಾತೆದಾರರಾದರು. ಬಸವಕಲ್ಯಾಣ, ಹುಮನಾಬಾದಿನ ಪದವಿ ಕಾಲೇಜುಗಳಲ್ಲೂ ಪ್ರವೇಶದ ಹೊತ್ತಿಗೆ ಆಧಾರ್ ಜೊತೆಗೆ ಎಬಿಸಿ ಐಡಿ ಕೇಳುವುದು ಈಗ ರೂಢಿಯಾಗಿದೆ. ಆದರೆ ಬ್ಯಾಂಕಿನ ಯೋಗ್ಯತೆ ಗೊತ್ತಾಗುವುದು ಖಾತೆಗಳ ಎಣಿಕೆಯಿಂದಲ್ಲ, ಬೇರೆ ಊರಿನಲ್ಲಿ ಅದರ ಚೆಕ್ ನಡೆಯುತ್ತದೆಯೇ ಎಂಬುದರಿಂದ. ಅದನ್ನು ಪರೀಕ್ಷಿಸಲು ಈ ಎರಡು ತಾಲ್ಲೂಕುಗಳಿಗಿಂತ ತಕ್ಕ ಜಾಗ ಕರ್ನಾಟಕದಲ್ಲಿ ಹೆಚ್ಚಿಲ್ಲ.

ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಪೂರ್ವಕ್ಕೆ ಐವತ್ತು ಕಿಲೋಮೀಟರ್ ಆಸುಪಾಸು ಹೋದರೆ ತೆಲಂಗಾಣದ ಜಹೀರಾಬಾದ್. ಅಲ್ಲಿನ ಕಾಲೇಜುಗಳದ್ದು ಉಸ್ಮಾನಿಯಾ ವಿಶ್ವವಿದ್ಯಾಲಯ. ಬಸವಕಲ್ಯಾಣದಿಂದ ಪಶ್ಚಿಮಕ್ಕೆ ಒಂದು ಗಂಟೆಯ ಹಾದಿಯಲ್ಲಿ ಉಮರ್ಗಾ. ಅದು ಛತ್ರಪತಿ ಸಂಭಾಜಿನಗರದಲ್ಲಿರುವ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯದ ಸುಪರ್ದಿ. ನಿಲಂಗಾ, ಉದ್ಗೀರ್, ಲಾತೂರಿನದು ನಾಂದೇಡದ ಸ್ವಾಮಿ ರಾಮಾನಂದ ತೀರ್ಥ ವಿಶ್ವವಿದ್ಯಾಲಯ. ಇನ್ನಷ್ಟು ಮುಂದೆ ಹೋದರೆ ಸೊಲ್ಲಾಪುರದ್ದೇ ಬೇರೆ. 1956ರ ನವೆಂಬರ್ ತನಕ ಉದ್ಗೀರ್, ನಿಲಂಗಾ, ಜಹೀರಾಬಾದ್ ಎಲ್ಲವೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲ್ಲೂಕುಗಳೇ. ರಾಜ್ಯಗಳು ಬೇರೆಯಾದವು, ಬೀಗತನ ಬೇರೆಯಾಗಲಿಲ್ಲ. ಇಲ್ಲಿಯ ಹುಡುಗಿ ಆ ಕಡೆ ಸೊಸೆಯಾಗಿ ಹೋಗುತ್ತಾಳೆ, ಇಲ್ಲಿಯ ಹುಡುಗ ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತಾನೆ. ಪದವಿ ನಡುವೆ ಊರು ಬಿಡುವವರೆಂದರೆ ಇಲ್ಲಿ ಇವರೇ. ಯೋಜನೆಯ ಜಾಹೀರಾತಿನಲ್ಲಿರುವ, ಒಂದು ಸೆಮಿಸ್ಟರ್ ಇಲ್ಲಿ ಇನ್ನೊಂದು ಅಲ್ಲಿ ಎಂದು ಆರಿಸಿಕೊಳ್ಳುವ ವಿದ್ಯಾರ್ಥಿ ಈ ಕಡೆ ಕಾಣಸಿಗುವುದಿಲ್ಲ.

ಎರಡನೇ ವರ್ಷ ಮುಗಿಸಿ, ಮದುವೆಯಾಗಿ ಉಮರ್ಗಾಕ್ಕೆ ಹೋದ ಬಿ.ಎ. ವಿದ್ಯಾರ್ಥಿನಿಯ ಲೆಕ್ಕ ಹಾಕಿ ನೋಡೋಣ. ಯುಜಿಸಿಯ 2022ರ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್, ಸೆಮಿಸ್ಟರಿಗೆ ಇಪ್ಪತ್ತರಂತೆ. ನಾಲ್ಕು ಸೆಮಿಸ್ಟರಿಗೆ ಅವಳ ಖಾತೆಯಲ್ಲಿ 80 ಜಮಾ. ಉಳಿದದ್ದು 40, ಒಂದೇ ವರ್ಷದ ಓದು. ಹಾಗೆಂದು ಅವಳು ಹೊಸ ವಿಶ್ವವಿದ್ಯಾಲಯದ ಬಾಗಿಲಿಗೆ ಹೋದರೆ 2021ರ ನಿಯಮವೇ ಅಡ್ಡ ನಿಲ್ಲುತ್ತದೆ. ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು, ಅಂದರೆ 60. ಹಾಗಾಗಿ ಅವಳ 80ರಲ್ಲಿ 60 ಮಾತ್ರ ಲೆಕ್ಕಕ್ಕೆ ಬರುತ್ತದೆ. ಇಪ್ಪತ್ತು ಕ್ರೆಡಿಟ್, ಒಂದಿಡೀ ಸೆಮಿಸ್ಟರ್, ನೀರಿನಲ್ಲಿ ಹೋಮ. ಯಾವ ಗುಮಾಸ್ತನೂ ತಕರಾರು ತೆಗೆಯದೆ, ಎಲ್ಲವೂ ನಿಯಮದಂತೆಯೇ ನಡೆದಾಗಿನ ನಷ್ಟ ಇದು.

ತಕರಾರು ಬರುವುದು ಆಮೇಲೆ. ಕ್ರೆಡಿಟ್ ಎಂದರೆ ಗಂಟೆಯ ಲೆಕ್ಕ. ಸೆಮಿಸ್ಟರ್ ಪೂರ್ತಿ ವಾರಕ್ಕೊಂದು ಗಂಟೆ ಪಾಠವಾದರೆ ಒಂದು ಕ್ರೆಡಿಟ್, ಪ್ರಾಯೋಗಿಕ ತರಗತಿಯಾದರೆ ಎರಡು ಗಂಟೆಗೆ ಒಂದು. ಖಾತೆಯಲ್ಲಿ ಕಾಣುವುದು ಪತ್ರಿಕೆಯ ಕೋಡ್, ಕ್ರೆಡಿಟ್, ಗ್ರೇಡ್, ಅಷ್ಟೆ. ಸೇರಿಸಿಕೊಳ್ಳುವ ವಿಶ್ವವಿದ್ಯಾಲಯ ಗಂಟೆ ಕೇಳುವುದಿಲ್ಲ, ಪಠ್ಯಕ್ರಮ ಕೇಳುತ್ತದೆ. ಟಿ.ಸಿ., ಮೈಗ್ರೇಶನ್ ಸರ್ಟಿಫಿಕೇಟು, ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಅದರ ಮೇಲೆ ಪ್ರತಿ ಪುಟಕ್ಕೂ ಮೊಹರು ಬಿದ್ದ ಸಿಲೆಬಸ್ ಪ್ರತಿ. ಅಲ್ಲಿನ ಅಧ್ಯಯನ ಮಂಡಳಿ ಎರಡೂ ಸಿಲೆಬಸ್ಸನ್ನು ಪಕ್ಕಪಕ್ಕ ಇಟ್ಟು ಘಟಕ ಘಟಕವಾಗಿ ಹೋಲಿಸುತ್ತದೆ. ಇಲ್ಲಿಯ ‘ಕರ್ನಾಟಕದ ಇತಿಹಾಸ’ಕ್ಕೆ ಅಲ್ಲಿ ಜೋಡಿ ಇರುವುದಿಲ್ಲ. ಎರಡೂ ಕಡೆಯವರು ಓದುವುದು ಅದೇ ಕಲ್ಯಾಣದ ಚಾಲುಕ್ಯರನ್ನು, ಅದೇ ಆರನೆಯ ವಿಕ್ರಮಾದಿತ್ಯನನ್ನು ಎಂಬುದು ಆ ಮೇಜಿನ ಮೇಲೆ ನಡೆಯುವ ವಾದವಲ್ಲ. ಆ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರವನ್ನು ದೇಶದ ಹೆಚ್ಚಿನ ಪ್ರಾಂತಗಳು ಹಿಂದೂ ಕಾನೂನಿನ ಆಧಾರವೆಂದು ಒಪ್ಪಿದವು. ಅದೇ ಕಲ್ಯಾಣದಲ್ಲಿ, ಅಂದರೆ ಬಸವಕಲ್ಯಾಣದಲ್ಲಿ, ಇವತ್ತು ಬರೆದ ಪತ್ರಿಕೆಗೆ ಮಾತ್ರ ಉಮರ್ಗಾದಲ್ಲಿ ಸಮಾನತೆ ಸಿಗಬೇಕಾದರೆ ಮಂಡಳಿ ಸಭೆ ಸೇರಬೇಕು. ಸಭೆ ಸೇರುವ ಹೊತ್ತಿಗೆ ಪ್ರವೇಶದ ಕೊನೆಯ ದಿನ ದಾಟಿರುತ್ತದೆ.

ನಮ್ಮ ಕಡೆಯ ತಪ್ಪು ಸಣ್ಣದೇನಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021ರಲ್ಲಿ ಎಲ್ಲರಿಗಿಂತ ಮೊದಲು ಜಾರಿ ಮಾಡಿದ್ದು ಕರ್ನಾಟಕ. ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮನಸ್ಸಾದಾಗ ವಾಪಸು ಬನ್ನಿ ಎಂದು ಹೇಳಿತು. ಸರ್ಕಾರ ಬದಲಾಯಿತು, ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ಸುಖದೇವ್ ಥೋರಟ್ ಆಯೋಗ ಬಂತು, 2024ರ ಮೇ ತಿಂಗಳಲ್ಲಿ ಹಳೆಯ ಮೂರು ವರ್ಷದ ಪದವಿಗೆ ಮರಳುವ ಆದೇಶವೂ ಬಂತು. ಆ ಮರಳಿಕೆಗೆ ಕಾರಣಗಳಿದ್ದವು, ರಾಷ್ಟ್ರೀಯ ನೀತಿಯ ನಾಲ್ಕನೇ ವರ್ಷಕ್ಕೆ ಬೇಕಾದ ಅಧ್ಯಾಪಕರೂ ಕೋಣೆಗಳೂ ಸಣ್ಣ ಊರಿನ ಕಾಲೇಜುಗಳಲ್ಲಿ ಇರಲಿಲ್ಲ ಎಂಬುದು ಸುಳ್ಳಲ್ಲ. ಆದರೆ ಬ್ಯಾಂಕಿನಲ್ಲಿ ಕ್ರೆಡಿಟ್ಟಿನ ಆಯುಷ್ಯ ಏಳು ವರ್ಷ, ರಾಷ್ಟ್ರೀಯ ನೀತಿಯ ಪಠ್ಯಕ್ರಮ ಬಾಳಿದ್ದು ಮೂರು ಬ್ಯಾಚು. 2022ರಲ್ಲಿ ಬಿ.ಎ. ಸೇರಿ ವರ್ಷದ ನಂತರ ಬಿಟ್ಟ ಹುಮನಾಬಾದಿನ ಹುಡುಗ ಈಗ ವಾಪಸು ಬಂದರೆ ಅವನ ‘ಓಪನ್ ಎಲೆಕ್ಟಿವ್’ ಪತ್ರಿಕೆಯನ್ನು ಯಾವ ಕಂಬಕ್ಕೆ ಕಟ್ಟಬೇಕು? ಅವನ ಅಂಕಪಟ್ಟಿ ಗುಲಬರ್ಗಾ ವಿಶ್ವವಿದ್ಯಾಲಯದ್ದು. ಅವನ ಕಾಲೇಜು 2023ರಲ್ಲಿ ಹುಟ್ಟಿದ ಬೀದರ್ ವಿಶ್ವವಿದ್ಯಾಲಯದ್ದು. ಊರು ಬಿಡದೆಯೇ, ಅದೇ ಬೆಂಚಿಗೆ ಮರಳಿಯೂ ಅವನು ವರ್ಗಾವಣೆ ವಿದ್ಯಾರ್ಥಿ.

ಇದಕ್ಕೆ ತದ್ವಿರುದ್ಧವಾದದ್ದನ್ನೂ ಇಲ್ಲೇ ನೋಡಬಹುದು. ಬಸವಕಲ್ಯಾಣ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಸ್ವಾಯತ್ತವಲ್ಲದ ಇನ್ನೊಂದು ಕಾಲೇಜಿಗೆ ಹೋಗುವಾಗ ಸೀಟು ಖಾಲಿ ಇರಬೇಕು, ಅನುಮತಿ ಬೇಕು. ಸಿಲೆಬಸ್ ಹೋಲಿಕೆಯ ರಗಳೆ ಮಾತ್ರ ಇಲ್ಲ. ಅಂಥ ಕಾಲೇಜುಗಳಿಗೆಲ್ಲ ಒಂದೇ ಪಠ್ಯಕ್ರಮ. ಅದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಡಿಪ್ಲೊಮಾ ಮುಗಿಸಿದವರ ಲ್ಯಾಟರಲ್ ಎಂಟ್ರಿ. ಪಾಲಿಟೆಕ್ನಿಕ್ಕಿನವರು ನೇರ ಮೂರನೇ ಸೆಮಿಸ್ಟರಿಗೆ ಬರುತ್ತಾರೆ. ಅವರ ಮೂರು ವರ್ಷದ ಓದನ್ನು ಬಿ.ಇ. ಮೊದಲ ವರ್ಷದ ಘಟಕಗಳೊಂದಿಗೆ ಯಾರೂ ಸಾಲು ಸಾಲಾಗಿ ತಾಳೆ ನೋಡುವುದಿಲ್ಲ. ಗಣಿತದಲ್ಲಿ ಕೊರತೆ ಇದೆಯೆಂದು ಗೊತ್ತಿದ್ದ ವಿಟಿಯು ಅವರಿಗೆ ಹೆಚ್ಚುವರಿ ಗಣಿತದ ಪತ್ರಿಕೆ ಇಟ್ಟಿತು. ಕೊರತೆಯಿದ್ದಲ್ಲಿ ತೇಪೆ, ಉಳಿದದ್ದಕ್ಕೆ ನಂಬಿಕೆ. ಬಿ.ಎ., ಬಿ.ಕಾಂ. ಓದುವವರ ವಿಷಯಕ್ಕೆ ಬಂದಾಗ ಮಾತ್ರ ವಿಶ್ವವಿದ್ಯಾಲಯಗಳಿಗೆ ಈ ನಂಬಿಕೆ ಯಾಕೆ ಬರುವುದಿಲ್ಲವೋ!

ಗಡಿ ದಾಟಿದ ಕ್ರೆಡಿಟ್ ನಷ್ಟವಾಗುವುದು ನಮ್ಮಲ್ಲಷ್ಟೇ ಅಲ್ಲ. ಕ್ರೆಡಿಟ್ ಪದ್ಧತಿಯ ತವರಾದ ಅಮೆರಿಕದಲ್ಲೇ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಕೊಟ್ಟ ವರದಿಯಂತೆ, 2004ರಿಂದ 2009ರ ನಡುವೆ ಕಾಲೇಜು ಬದಲಿಸಿದವರು ಅಂದಾಜು ನೂರಕ್ಕೆ 43ರಷ್ಟು ಕ್ರೆಡಿಟ್ ಕಳೆದುಕೊಂಡರು. ಅಲ್ಲಿಯೂ ಕ್ರೆಡಿಟ್ ಒಪ್ಪದೆ ತಡೆದದ್ದು ಸೇರಿಸಿಕೊಳ್ಳುವ ಸಂಸ್ಥೆಯೇ. ಯುರೋಪಿನವರು ವಿದ್ಯಾರ್ಥಿ ಹೊರಡುವ ಮೊದಲೇ ಎರಡೂ ಸಂಸ್ಥೆಗಳಿಂದ ಕಲಿಕಾ ಒಪ್ಪಂದಕ್ಕೆ ಸಹಿ ಹಾಕಿಸುತ್ತಾರೆ. ಹೋಗಿ ಬಂದ ಮೇಲೆ ವಾದಕ್ಕೆ ಎಡೆ ಕಡಿಮೆ.

ಕ್ರೆಡಿಟ್ ವರ್ಗಾವಣೆಯಲ್ಲಿ ಇಲ್ಲಿ ಸ್ವಲ್ಪಮಟ್ಟಿಗೆ ನಡೆಯುವುದು ‘ಸ್ವಯಂ’ ಆನ್‌ಲೈನ್ ಕೋರ್ಸು. ಒಂದು ಸೆಮಿಸ್ಟರಿನ ಪತ್ರಿಕೆಗಳಲ್ಲಿ ನೂರಕ್ಕೆ 40ರವರೆಗೆ ಅಲ್ಲಿಂದ ತರಬಹುದು ಎಂದು ನಿಯಮ. ಹೆಚ್ಚಿನ ಕೋರ್ಸುಗಳ ಪಾಠ ಇಂಗ್ಲಿಷಿನದು, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಅಷ್ಟೇನೂ ಒದಗದು. ಬಿಡಿ.

ಆದರೂ ಮೊದಲು ಹೇಳಿದ ಆ ಅರ್ಧದಷ್ಟು ಕ್ರೆಡಿಟ್ಟಿನ ನಿಯಮವನ್ನೇ ತಿರುಗಿಸಿ ಓದಿದರೆ ದಾರಿಯೊಂದು ತೆರೆಯುತ್ತದೆ. ಉಮರ್ಗಾಕ್ಕೆ ಹೋದವಳು ಹೊಸ ವಿಶ್ವವಿದ್ಯಾಲಯದ ಪದವಿಯನ್ನೇ ಯಾಕೆ ಪಡೆಯಬೇಕು? ಅವಳ ನೋಂದಣಿ ಬೀದರ್ ವಿಶ್ವವಿದ್ಯಾಲಯದಲ್ಲೇ ಇರಲಿ. ಮೂರನೇ ವರ್ಷದ 40 ಕ್ರೆಡಿಟ್ಟನ್ನು ಉಮರ್ಗಾದ ಕಾಲೇಜಿನಲ್ಲಿ ಗಳಿಸಿ ತವರಿನ ಖಾತೆಗೆ ತಂದು ಹಾಕಲಿ. ಪದವಿ ಕೊಡುವ ಸಂಸ್ಥೆಯಲ್ಲಿ ಗಳಿಸಿದ್ದು ಆಗಲೇ 80, ಅರ್ಧದ ಷರತ್ತು ದಾಟಿಯಾಗಿದೆ. ಒಂದು ಕ್ರೆಡಿಟ್ಟೂ ಪೋಲಾಗುವುದಿಲ್ಲ. ಖಾತೆ ಮಾಡಿದ್ದೇ ಇದಕ್ಕೆ. ನಿಯಮದ ಆಶಯವೂ ಇದೇ. ಆದರೂ ಊರು ಬಿಟ್ಟವರಿಗೆ ಕಾಲೇಜಿನಲ್ಲಿ ಸಿಗುವ ಸಲಹೆ ಒಂದೇ: ಟಿ.ಸಿ. ತಗೊಂಡು ಹೋಗ್ರಿ. ಟಿ.ಸಿ. ಕೈಗೆ ಬಂತೆಂದರೆ ಅವಳ ತವರಿನ ಹಕ್ಕು ಮುಗಿಯಿತು.

ತವರಿನ ಪದವಿಯ ಈ ದಾರಿಯನ್ನು ತೆರೆಯಬೇಕಾದದ್ದು ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಕೂತಿರುವ ಬೀದರ್ ವಿಶ್ವವಿದ್ಯಾಲಯ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಲು ಹೊರಟಾಗ ಇದೊಂದನ್ನು ಉಳಿಸುವ ಮಾತಾಡಿತು, ಅಧೀನ ಕಾಲೇಜುಗಳ ಸಂಖ್ಯೆ ಇಲ್ಲಿ ದೊಡ್ಡದಿತ್ತು. ಹಾಗೆ ಉಳಿದುಕೊಂಡ ವಿಶ್ವವಿದ್ಯಾಲಯ ಪರೀಕ್ಷೆ ನಡೆಸಿ ಅಂಕಪಟ್ಟಿ ಹಂಚುವುದಷ್ಟನ್ನೇ ಮಾಡಿದರೆ ಆ ಕೆಲಸ ಕಲಬುರಗಿಯಿಂದಲೂ ನಡೆಯುತ್ತಿತ್ತು. ಅದರಿಂದ ಬೇಕಾದದ್ದು ಇಷ್ಟು: ನಾಂದೇಡ, ಸಂಭಾಜಿನಗರ, ಸೊಲ್ಲಾಪುರ, ಉಸ್ಮಾನಿಯಾ ಈ ನಾಲ್ಕು ವಿಶ್ವವಿದ್ಯಾಲಯಗಳ ಜೊತೆ ಒಪ್ಪಂದ, ಬಿ.ಎ., ಬಿ.ಕಾಂ.ನ ಐದು-ಆರನೇ ಸೆಮಿಸ್ಟರಿಗೆ ಯಾವ ಪತ್ರಿಕೆಗೆ ಯಾವುದು ಸಮ ಎಂಬ ಪಟ್ಟಿ, ಐಚ್ಛಿಕ ಕನ್ನಡ ಕಲಿಸುವವರು ಆ ಕಡೆ ಸಿಗದಿದ್ದರೆ ಆ ಪತ್ರಿಕೆಯನ್ನು ಬಸವಕಲ್ಯಾಣಕ್ಕೆ ಬಂದು ಬರೆಯುವ ಅವಕಾಶ. ಪಟ್ಟಿ ಜೂನ್ ತಿಂಗಳ ಪ್ರವೇಶಕ್ಕೆ ಮೊದಲು ಕಾಲೇಜಿನ ಫಲಕದಲ್ಲಿ ಕನ್ನಡದಲ್ಲಿ, ಮರಾಠಿಯಲ್ಲಿ ಅಂಟಿಸಿರಬೇಕು. ಟಿ.ಸಿ. ಅರ್ಜಿಯ ಜೊತೆ ಅದರ ಪ್ರತಿಯೊಂದನ್ನು ಕೈಗಿಡುವುದು ಇನ್ನೂ ಒಳ್ಳೆಯದು.